ನಾಲ್ಕು ಮಾತು: ಹಳೇ ಕಾರಿನೊಳಗಿನ ನೀರು

2023ರ ಅಕ್ಟೋಬರ್‌ನಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ರಸ್ತೆಯಿಂದ ಮರೆಯಾದವು. ಆದರೂ ಅಜ್ಜನ ಫಿಯಟ್ಟನ್ನೋ ಅಂಬಾಸಡರನ್ನೋ ಮಾರದೆ ಉಳಿಸಿಕೊಂಡ ಹುಡುಗ ಹುಡುಗಿಯರು ನಿಮ್ಮಲ್ಲಿದ್ದೀರಿ. ನಿಮಗಾಗಿ ಈ ಸಲದ ಮಾತು.

ಕಾಲಡಿಯ ಕಾರ್ಪೆಟ್ ಒದ್ದೆಯಾದ ಕೂಡಲೇ ಗಾಜಿನ ಸುತ್ತ ಸಿಲಿಕೋನ್ ಬಳಿಯಲು ಹೊರಡಬೇಡಿ. ಮೊದಲು ಅದು ಯಾವ ನೀರೆಂದು ನೋಡಿ. ಬಣ್ಣವಿದ್ದು, ಬೆರಳಿಗೆ ಅಂಟಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಹೀಟರ್ ಅಥವಾ ಅದರ ಹೋಸ್ ಸೋರುತ್ತಿದೆ. (ನಮ್ಮ ಅಡುಗೆಮನೆಯ ಅಭ್ಯಾಸದಂತೆ ನಾಲಗೆಗೆ ಮುಟ್ಟಿಸೀರಿ, ಅದು ವಿಷ!) ಎಂಜಿನ್ ಪೂರ್ತಿ ತಣಿದ ಮೇಲೆಯೇ ಹೋಸ್ ಬಿಚ್ಚಬೇಕು. ಮುಂಬಯಿಯ ಸೆಕೆಗೆ ಹೀಟರ್ ಯಾಕೆ? ಹೋಗುವ, ಬರುವ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಹೀಟರನ್ನೇ ತಪ್ಪಿಸಿದರೂ ನಡೆದೀತು.

ಬರೀ ನೀರಾದರೆ ಅದು ಮಳೆಯದು. ಇಂಥ ಅನೇಕ ಕಾರುಗಳಲ್ಲಿ ಮುಂದಿನ ಗಾಜಿನ ಬುಡದಲ್ಲಿ ಗಾಳಿಗೆಂದು ಜಾಲರಿಯಿರುತ್ತದೆ. ಅಲ್ಲಿ ಬಿದ್ದ ಮಳೆನೀರು ಒಂದು ಸಣ್ಣ ಕೊಳವೆಯಿಂದ ಕೆಳಗಿಳಿಯಬೇಕು. ಗುಲ್‌ಮೊಹರಿನ ಎಲೆ, ಧೂಳು ಸೇರಿ ಕೊಳವೆ ಕಟ್ಟಿಕೊಂಡರೆ, ಬಚ್ಚಲಿನಂತೆಯೇ ನೀರು ಮೇಲೇರಿ ಹೀಟರಿನ ಕಿಂಡಿಯಿಂದ ಒಳಗಿಳಿಯುತ್ತದೆ. ಮೆತ್ತನೆಯ ತಂತಿಯಿಂದ ಬಿಡಿಸಿದರೆ ಎಷ್ಟೋ ಸಲ ಅಷ್ಟೇ ಸಾಕು, ಖರ್ಚೇ ಇಲ್ಲ. ಆಮೇಲೂ ಸೋರಿದರೆ ಒಬ್ಬರು ಹೊರಗಿಂದ ಚೊಂಬಿನಲ್ಲಿ ನಿಧಾನವಾಗಿ ನೀರು ಹೊಯ್ಯಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಲಿ. ಒಣಗಿ ಬಿರುಕುಬಿಟ್ಟ ರಬ್ಬರ್ ಎಲ್ಲಿದೆಯೆಂದು ಗೊತ್ತಾಗುತ್ತದೆ. ಅದನ್ನು ಬದಲಿಸಿ, ಮೇಲೆ ಮೇಣ ಮೆತ್ತಿದರೆ ಒಂದು ಮಳೆಗಾಲವೂ ಬಾರದು.

ಕಾರ್ಪೆಟ್ ಮಾತ್ರ ಅಂದೇ ಎತ್ತಿ ಬಿಸಿಲಿಗೆ ಹಾಕಿ. ತೇವ ಉಳಿದರೆ ಕೆಳಗಿನ ತಗಡು ತುಕ್ಕು ಹಿಡಿದು ತೂತಾಗುತ್ತದೆ. ಎಂಜಿನ್ ಗಟ್ಟಿಯಿದ್ದೂ ಎಷ್ಟೋ ಕಾರುಗಳು ಗುಜರಿಗೆ ಹೋಗುವುದು ಹೀಗೆಯೇ.