ಬಸ್ಸಿನ ಬಣ್ಣವನ್ನು ಓದುವವರು

ವಾಹನಕ್ಕೆ ಬಣ್ಣ ಬಳಿಯುವುದು ಕೇವಲ ಅಲಂಕಾರಕ್ಕಾಗಿ ಎಂದು ತಿಳಿದವರು ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿಗಳನ್ನು ಹಾದು ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯ ಮೇಲೆ ಈ ಕೂಡುರಸ್ತೆಯಿದೆ. ಮಹದೇಶ್ವರನ ಬೆಟ್ಟಕ್ಕೆ ಹೊರಟ ಬಸ್ಸೂ ಇಲ್ಲಿ ಹಾಯುತ್ತದೆ. ಭರಚುಕ್ಕಿಯನ್ನು ನೋಡಲು ಬಂದವರೂ ಇಲ್ಲಿ ಇಳಿಯುತ್ತಾರೆ. ದೂರದಲ್ಲಿ ಬಸ್ಸಿನ ಮೂತಿ ಕಾಣಿಸಿದೊಡನೆ ಕಾದು ನಿಂತ ಹೆಂಗಸರಲ್ಲಿ ಕೆಲವರು ಗಂಟನ್ನು ಎತ್ತಿಕೊಳ್ಳುತ್ತಾರೆ, ಕೆಲವರು ಕುಳಿತಲ್ಲಿಂದ ಅಲುಗುವುದಿಲ್ಲ. ಬೋರ್ಡಿನ ಅಕ್ಷರ ಇನ್ನೂ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಅವರು ಓದಿದ್ದು ಬಣ್ಣವನ್ನು.

ಕೊಳ್ಳೇಗಾಲಕ್ಕೆ ರೈಲು ಬರಲಿಲ್ಲ. ಆದುದರಿಂದ ಈ ಸೀಮೆಯವರಿಗೆ ರೈಲೂ ಬಸ್ಸೇ, ಟ್ರಾಮೂ ಬಸ್ಸೇ. ಟ್ರಾಮಿನ ಮಾತು ಇಲ್ಲಿ ಏಕೆ ಬಂತು ಎಂದು ವಾಚಕರು ಕೇಳಬಹುದು. ಅದಕ್ಕೊಂದು ಸ್ವಾರಸ್ಯವಾದ ಕಾರಣವುಂಟು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ಸಂಸ್ಥಾನದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕಾವೇರಿಯ ಆಚೆ ದಡ ಮೈಸೂರು, ಈಚೆ ದಡ ಮದರಾಸು. ಹೀಗಾಗಿ ಅಂದಿನ ಸತ್ತೇಗಾಲದವರ ರಾಜಧಾನಿಯಲ್ಲಿ 1895ರಿಂದ ವಿದ್ಯುತ್ ಟ್ರಾಮು ಓಡುತ್ತಿತ್ತು. 1953ರ ಏಪ್ರಿಲಿನಲ್ಲಿ ಅದು ನಿಂತುಹೋಯಿತು. ಕಲ್ಕತ್ತೆಯಲ್ಲಿ ಕುದುರೆಯನ್ನು ಬಿಚ್ಚಿ ಟ್ರಾಮಿಗೆ ವಿದ್ಯುಚ್ಛಕ್ತಿಯನ್ನು ಹೂಡಿದ್ದು 1902ರಲ್ಲಿ. ಅದೇ ವರ್ಷ ಸತ್ತೇಗಾಲದ ನೆರೆಯ ಶಿವನಸಮುದ್ರದಲ್ಲಿ ಕಾವೇರಿಯ ನೀರು ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪವಾಯಿತು. ದೀಪ ಬಂದ ಬೆಂಗಳೂರಿಗೆ ಟ್ರಾಮು ಮಾತ್ರ ಬರಲಿಲ್ಲ. ಪಕ್ಕದಲ್ಲೇ ಅಷ್ಟು ಶಕ್ತಿ ಧುಮುಕುತ್ತಿದ್ದರೂ ಊರಿನವರು ಎತ್ತಿನ ಗಾಡಿಯಲ್ಲೂ ಜಟಕಾದಲ್ಲೂ ತಿರುಗಿದರು.

ಟ್ರಾಮು ಉಳ್ಳ ನಗರಗಳು ಅದರ ಬಣ್ಣವನ್ನು ಮನೆದೇವರಂತೆ ಕಾಪಾಡಿಕೊಂಡು ಬಂದಿವೆ. ಮೆಲ್ಬರ್ನ್ ಎಂದರೆ ಹಸುರು ಮತ್ತು ಕೆನೆಬಣ್ಣ; ಲಿಸ್ಬನ್ ಎಂದರೆ ಹಳದಿ. ಟೊರಾಂಟೊ ನಗರ 2014ರಲ್ಲಿ ಹೊಚ್ಚಹೊಸ ಗಾಡಿಗಳನ್ನು ತರಿಸಿದಾಗಲೂ ಕೆಂಪನ್ನು ಬಿಡಲಿಲ್ಲ. ಲಂಡನ್ನಿನ ಕೆಂಪು ಬಸ್ಸಿನ ಹುಟ್ಟಿನಲ್ಲಿ ರಾಜವೈಭವವೇನೂ ಇಲ್ಲ. ಹಲವು ಕಂಪೆನಿಗಳ ಬಸ್ಸುಗಳು ಒಂದೇ ಬೀದಿಯಲ್ಲಿ ಪೈಪೋಟಿ ನಡೆಸುತ್ತಿದ್ದಾಗ, ತನ್ನದು ಬೇರೆಯಾಗಿ ಕಾಣಲೆಂದು 1907ರಲ್ಲಿ ಅವುಗಳಲ್ಲೊಂದು ಕೆಂಪು ಬಳಿಸಿತು. ವ್ಯಾಪಾರದ ಉಪಾಯ ಕಾಲಕ್ರಮದಲ್ಲಿ ನಗರದ ಲಾಂಛನವಾಯಿತು.

ಹಳೆಯ ಟ್ರಾಮು ಬಸ್ಸುಗಳಲ್ಲಿ ಮೈ ಎರಡು ಬಣ್ಣಗಳಾಗಿ ಒಡೆದಿರುವುದನ್ನು ಚಿತ್ರಗಳಲ್ಲಿ ನೋಡಬಹುದು. ಕೆಳಗೆ ಗಾಢವರ್ಣ, ಮೇಲೆ ತಿಳಿವರ್ಣ. ಕೆಳಮೈಗೆ ಬೀದಿಯ ಕೆಸರು ಎರಚುತ್ತದೆ, ಗಾಢವರ್ಣ ಅದನ್ನು ಮರೆಸುತ್ತದೆ. ಮಾಡಿನ ಮೇಲೆ ಬಿಸಿಲು ಸುರಿಯುತ್ತದೆ, ತಿಳಿವರ್ಣ ಅದನ್ನು ಹಿಂದಕ್ಕೆ ಅಟ್ಟುತ್ತದೆ. ನಡುವಿನ ಪಟ್ಟಿ ಇವೆರಡನ್ನೂ ಹೊಂದಿಸುತ್ತದೆ. ರೇಷ್ಮೆಗೆ ಹೆಸರಾದ ಕೊಳ್ಳೇಗಾಲದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಡಲು ಎಷ್ಟೇ ಚೆನ್ನಾಗಿರಲಿ, ಸೀರೆಯ ಗುರುತು ಹಿಡಿಸುವುದು ಅಂಚು. ಬೆಂಗಳೂರಿನ ಮೆಟ್ರೊ ರೈಲು ಈ ಅಂಚನ್ನಷ್ಟೇ ಉಳಿಸಿಕೊಂಡು ಒಡಲಿನ ಬಣ್ಣವನ್ನು ಬಿಟ್ಟಿದೆ. ಅದರ ಡಬ್ಬಿಗಳು ತುಕ್ಕು ಹಿಡಿಯದ ಉಕ್ಕಿನವು, ಬಣ್ಣದ ಹಂಗಿಲ್ಲ. 2011ರಲ್ಲಿ ತೆರೆದ ಮಾರ್ಗಕ್ಕೆ ನೇರಳೆ, 2014ರದಕ್ಕೆ ಹಸುರು, 2025ರ ಆಗಸ್ಟಿನಲ್ಲಿ ಆರಂಭವಾದುದಕ್ಕೆ ಹಳದಿ. ಹಳ್ಳಿಯಿಂದ ಮಗನ ಮನೆಗೆ ಬಂದ ತಾಯಿಗೆ ನಿಲ್ದಾಣಗಳ ಉದ್ದುದ್ದ ಹೆಸರುಗಳು ನೆನಪಿನಲ್ಲಿ ನಿಲ್ಲುವುದಿಲ್ಲ. "ನೇರಳೆ ಗಾಡಿ ಹತ್ತಿ ಬಾರಮ್ಮ" ಎಂದರೆ ಸಾಕು.

ನಮ್ಮ ಸರ್ಕಾರಿ ಬಸ್ಸಿಗೆ ಜನರು ಇಟ್ಟ ಹೆಸರೇ ಕೆಂಪು ಬಸ್ಸು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಕೆಂಪು ಹಗಲಿನಲ್ಲಿ ದೂರಕ್ಕೆ ಎದ್ದು ಕಾಣುವ ಬಣ್ಣ, ನಿಜ. ಆದರೆ ಮುಸ್ಸಂಜೆಯಲ್ಲಿ ಅದಕ್ಕೊಂದು ದೋಷವುಂಟು. ಬೆಳಕು ಕುಗ್ಗಿದಂತೆ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪೇ. ನೀಲಿ ಹಸುರುಗಳು ಇನ್ನೂ ಸ್ವಲ್ಪ ಹೊತ್ತು ಹೊಳೆಯುತ್ತವೆ. 19ನೆಯ ಶತಮಾನದ ಆದಿಯಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗುರುತಿಸಿದ. ತೋಟದ ಕಣಗಿಲೆ ಹೂವು ಸಂಜೆ ಕಪ್ಪಿಡುವುದನ್ನು ನೋಡಿದವರಿಗೆ ಇದು ಅಚ್ಚರಿಯಲ್ಲ. ಊರಿನ ಕಡೆಯ ಬಸ್ಸು ಬರುವುದು ಅದೇ ಹೊತ್ತಿನಲ್ಲಿ! ಅಮೆರಿಕದಲ್ಲಿ 1939ರಲ್ಲಿ ಶಾಲಾ ಬಸ್ಸುಗಳಿಗೆ ಹಳದಿಯನ್ನು ಆರಿಸಿದವರು ಈ ಮಬ್ಬು ಹೊತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಕೆಂಪು ಬಸ್ಸಿನ ಜೊತೆಗೆ ಈಚಿನ ದಶಕಗಳಲ್ಲಿ ಬೇರೆ ಬೇರೆ ವೇಷದ ಬಸ್ಸುಗಳು ಬಂದವು. ರಾಜಹಂಸ, ಐರಾವತ, ಅಂಬಾರಿ, ಪಲ್ಲಕ್ಕಿ, ಅಶ್ವಮೇಧ. ಹೆಸರುಗಳನ್ನು ಕೇಳಿದರೆ ಅರಮನೆಯ ಲಾಯವೂ ಕೊಳವೂ ಒಟ್ಟಿಗೆ ಬೀದಿಗೆ ಬಂದಂತಿದೆ. (ಅಶ್ವಮೇಧದ ಕುದುರೆಗೆ ಕಡೆಯಲ್ಲಿ ಒದಗುವ ಗತಿಯನ್ನು ಹೆಸರಿಟ್ಟವರು ನೆನೆದಂತೆ ಕಾಣುವುದಿಲ್ಲ.) ಈ ವೈವಿಧ್ಯ 2023ರ ಜೂನ್ 11ರವರೆಗೆ ಬರಿಯ ಸೊಗಸಿನ ಹಾಗೂ ಸುಖದ ವಿಷಯವಾಗಿತ್ತು. ಅಂದು ಶಕ್ತಿ ಯೋಜನೆ ಜಾರಿಗೆ ಬಂದು, ರಾಜ್ಯದೊಳಗೆ ಸಾಧಾರಣ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಹಣ ಬೇಡವಾಯಿತು. ರಾಜಹಂಸಕ್ಕೂ ಐರಾವತಕ್ಕೂ ಆ ರಿಯಾಯಿತಿ ಇಲ್ಲ. ಹೀಗೆ ಒಂದೇ ದಿನದಲ್ಲಿ ಬಣ್ಣಕ್ಕೆ ಬೆಲೆ ಬಂದುಬಿಟ್ಟಿತು. ಬಸ್ಸು ಹತ್ತಿದ ಮೇಲೆ ಇದು ಆ ಬಸ್ಸಲ್ಲ ಎಂದು ತಿಳಿದರೆ, ಮಡಿಲಲ್ಲಿ ಹಣವಿಲ್ಲದೆ ಬಂದವಳು ಏನು ಮಾಡಬೇಕು? ನಡುದಾರಿಯಲ್ಲಿ ಇಳಿಯಬೇಕು, ಇಲ್ಲವೆ ಪಕ್ಕದವರ ಮುಂದೆ ಕೈಚಾಚಬೇಕು.

ತೊಡಕು ಇನ್ನೊಂದು ದಿಕ್ಕಿನಿಂದಲೂ ಉಂಟು. 2024ರ ಫೆಬ್ರವರಿಯಲ್ಲಿ ಅಶ್ವಮೇಧ ಬಸ್ಸುಗಳು ಹೊರಬಂದಾಗ ಅವುಗಳ ಎತ್ತರ, ಮುಂಗಡೆಯ ವಿಶಾಲವಾದ ಗಾಜು, ಹೊಸ ಮೆರುಗು ಎಲ್ಲವೂ ದುಡ್ಡಿನ ಬಸ್ಸಿನಂತೆಯೇ ಇದ್ದವು. ಆದರೆ ಅವು ವೇಗದೂತ ವರ್ಗದವು. ಶಕ್ತಿ ಯೋಜನೆ ಅವುಗಳಿಗೂ ಅನ್ವಯಿಸುತ್ತದೆ. ಬಡವರ ಬಸ್ಸು ಸುಂದರವಾಗಿರಬಾರದೆಂದು ಯಾರೂ ಹೇಳಲಾರರು. ಸುಂದರವಾಗಿದ್ದುದು ಬಹಳ ಒಳ್ಳೆಯದೇ. ಆದರೆ ಇಷ್ಟು ಚೆನ್ನಾಗಿರುವುದು ತನ್ನ ಪಾಲಿನದಾಗಿರಲಾರದೆಂದು ಹಿಂಜರಿದು, ಕೈಯೊಡ್ಡದೆ ನಿಂತವಳಿಗೆ ಆ ಸೌಂದರ್ಯದಿಂದ ಏನು ಬಂತು?

ಇದರ ಮೇಲೆ ಜಾಹೀರಾತಿನ ಹಾವಳಿ ಬೇರೆ. ಬಸ್ಸಿನ ಮೈತುಂಬ ಸಿಮೆಂಟಿನ ಮೂಟೆಯನ್ನೋ ಒಡವೆ ಅಂಗಡಿಯ ವಧುವನ್ನೋ ಅಂಟಿಸಿದರೆ ನಿಗಮಕ್ಕೆ ನಾಲ್ಕು ಕಾಸು ಬರುತ್ತದೆ, ಬರಲಿ. ಆದರೆ ಅಕ್ಷರ ಬಾರದವರಿಗೆ ಬಣ್ಣವೇ ಬೋರ್ಡು. ಊರಿನ ಹೆಸರಿರುವ ಬೋರ್ಡಿನ ಮೇಲೆ ಜಾಹೀರಾತು ಅಂಟಿಸಲು ಯಾರಾದರೂ ಒಪ್ಪುತ್ತಾರೆಯೆ? ಬಣ್ಣವೊಂದನ್ನೇ ನಂಬುವಂತೆಯೂ ಇಲ್ಲ. ಕೆಂಪು ಹಸುರುಗಳ ಭೇದ ತಿಳಿಯದ ಕಣ್ಣುಳ್ಳವರು ಗಂಡಸರಲ್ಲಿ ವಿಶೇಷವಾಗಿ ಇದ್ದಾರೆ. ಬಣ್ಣದ ಜೊತೆಗೆ ಒಂದು ಆಕಾರವೂ ಇರಬೇಕು: ದಪ್ಪನೆಯ ಒಂದು ಪಟ್ಟೆಯೋ, ಒಂದು ದುಂಡನೆಯ ಗುರುತೋ.

ನೆರೆಯ ತಮಿಳುನಾಡು ಈ ಪ್ರಶ್ನೆಯನ್ನು ಮೊದಲೇ ಎದುರಿಸಿತ್ತು. ಅಲ್ಲಿ 2021ರಿಂದ ಸಾಧಾರಣ ದರದ ನಗರ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವಿದೆ. ಬಸ್ಸನ್ನು ದೂರದಿಂದಲೇ ಗುರುತಿಸಲಾಗಲೆಂದು 2022ರ ಆಗಸ್ಟಿನಲ್ಲಿ ಚೆನ್ನೈಯಲ್ಲಿ ಅವುಗಳ ಮುಂಭಾಗಕ್ಕೂ ಹಿಂಭಾಗಕ್ಕೂ ಗುಲಾಬಿ ಬಣ್ಣ ಬಳಿದರು. ಪಕ್ಕಗಳು ಹಳೆಯ ಬಣ್ಣದಲ್ಲೇ ಉಳಿದವು. ತುಟಿಗೆ ಮಾತ್ರ ಬಣ್ಣ ಹಚ್ಚಿದಂತಿದೆ ಎಂದು ನಗೆಯಾಡಿದವರು ಬಹಳ ಮಂದಿ. ಚಿತ್ರಕಾರನ ಕಣ್ಣಿಗೆ ಅದು ವಿಕಾರವೇ ಇರಬಹುದು. ಆದರೆ ಹೆದ್ದಾರಿಯಂಚಿನಲ್ಲಿ ಕಾದು ನಿಂತವಳಿಗೆ ಬರುತ್ತಿರುವ ಬಸ್ಸಿನ ಮುಂಭಾಗವಲ್ಲದೆ ಬೇರೇನು ಕಾಣುತ್ತದೆ? ಪಕ್ಕವು ಕಾಣುವ ವೇಳೆಗೆ ಬಸ್ಸು ಅವಳನ್ನು ದಾಟಿರುತ್ತದೆ.