ಕಾಡ್ಗಿಚ್ಚಿನ ಹೊಗೆಯೂ ನಮ್ಮ ಮಕ್ಕಳೂ

2023ರ ಜೂನ್ 7ರಂದು ನ್ಯೂಯಾರ್ಕ್ ನಗರದ ಆಕಾಶ ಹಾಡಹಗಲಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬೆಂಕಿ ಹತ್ತಿದ್ದು ಆ ನಗರಕ್ಕಲ್ಲ. ನೂರಾರು ಮೈಲಿಗಳಾಚೆ, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕಾಡುಗಳಿಗೆ. ಆ ಒಂದೇ ವರ್ಷ ಕೆನಡಾದಲ್ಲಿ ಸುಟ್ಟುಹೋದ ಅರಣ್ಯ ಸುಮಾರು 1.5 ಕೋಟಿ ಹೆಕ್ಟೇರ್. ಕರ್ನಾಟಕದ ವಿಸ್ತೀರ್ಣದ ಮುಕ್ಕಾಲು ಪಾಲಿಗಿಂತಲೂ ಅಧಿಕ. ನಮ್ಮ ಎಷ್ಟೋ ಕುಟುಂಬಗಳ ಮೊಮ್ಮಕ್ಕಳು ಟೊರಾಂಟೊ, ನ್ಯೂಜೆರ್ಸಿಗಳಲ್ಲಿ ಬೆಳೆಯುತ್ತಿರುವುದರಿಂದ ಆ ಹೊಗೆ ನಮಗೆ ಬರಿಯ ವಿದೇಶದ ಸುದ್ದಿಯಾಗಿ ಉಳಿಯಲಿಲ್ಲ.

ಅದೇ ಬೇಸಿಗೆಯಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಆಸ್ತಮಾವಿದ್ದ ಒಂಬತ್ತು ವರ್ಷದ ಬಾಲಕನೊಬ್ಬ ಮೃತಪಟ್ಟ. ಕಾಡ್ಗಿಚ್ಚಿನ ಹೊಗೆಯಿಂದ ಅವನ ಕಾಯಿಲೆ ಉಲ್ಬಣಿಸಿತ್ತೆಂದು ಅಲ್ಲಿನ ಮರಣ ತನಿಖಾಧಿಕಾರಿಗಳು ತಿಳಿಸಿದರು. ಅವನ ಊರಿನಲ್ಲಿ ವಾಯುಮಾಪಕವೇ ಇರಲಿಲ್ಲ. ತಂದೆತಾಯಿಯರ ಎಚ್ಚರಕ್ಕೂ ಒಂದು ಮಿತಿಯಿದೆಯೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ.

ಮಕ್ಕಳಿಗೇ ಏಕೆ ಹೆಚ್ಚು ಅಪಾಯ? ದೇಹದ ತೂಕಕ್ಕೆ ಹೋಲಿಸಿದರೆ ಮಗು ವಯಸ್ಕರಿಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಅದರ ಶ್ವಾಸನಾಳಗಳು ಕಿರಿದು. ಶ್ವಾಸಕೋಶಗಳು ಇನ್ನೂ ಬೆಳೆಯುತ್ತಿರುತ್ತವೆ. ಹೊಗೆಯಲ್ಲಿರುವ, 2.5 ಮೈಕ್ರಾನಿಗಿಂತ ಚಿಕ್ಕದಾದ ಕಣಗಳು ತಲೆಗೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲಿನಷ್ಟೂ ಇರುವುದಿಲ್ಲ. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಪ್ರದೇಶದ ಮಕ್ಕಳನ್ನು ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇತರ ಮೂಲಗಳಿಂದ ಬರುವ ಇಂಥ ಕಣಗಳಿಗಿಂತ ಕಾಡ್ಗಿಚ್ಚಿನ ಕಣಗಳು ಮಕ್ಕಳ ಉಸಿರಾಟಕ್ಕೆ ಸುಮಾರು ಹತ್ತು ಪಟ್ಟು ಹಾನಿಕರವೆಂದು ಕಂಡುಕೊಂಡಿತು. ಐದು ವರ್ಷದೊಳಗಿನವರೇ ಅದಕ್ಕೆ ಹೆಚ್ಚಾಗಿ ತುತ್ತಾದವರು.

ಮೂಗಿಗೆ ಒದ್ದೆ ಬಟ್ಟೆ ಕಟ್ಟಿದರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಬೂದಿಯನ್ನು ತಡೆದೀತು, ಈ ಕಣಗಳನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮುಖಗವಸು ತಡೆಯುತ್ತದೆ, ಆದರೆ ಪುಟ್ಟ ಮುಖಗಳಿಗೆ ಅದು ಸರಿಯಾಗಿ ಹೊಂದುವುದಿಲ್ಲ. ಎರಡು ವರ್ಷದೊಳಗಿನ ಶಿಶುಗಳಿಗಂತೂ ಯಾವ ಮುಖಗವಸನ್ನೂ ತೊಡಿಸಲೇಬಾರದು. ಆದುದರಿಂದ ಮನೆಯ ಒಂದು ಕೋಣೆಯನ್ನಾದರೂ ಶುದ್ಧವಾಗಿಡುವುದೇ ಮೇಲು. ಕಿಟಕಿ ಬಾಗಿಲುಗಳ ಸಂದುಗಳನ್ನು ಮುಚ್ಚಿ, ಗಾಳಿ ಶೋಧಕವಿದ್ದರೆ ಅದನ್ನು ಅಲ್ಲಿಯೇ ಇರಿಸಬೇಕು. ದುಬಾರಿ ಯಂತ್ರವೇ ಬೇಕೆಂದಿಲ್ಲ: ನಾಲ್ಕು ಶೋಧಕ ಹಲಗೆಗಳನ್ನು ಡಬ್ಬದಂತೆ ಜೋಡಿಸಿ ಮೇಲೊಂದು ಚೌಕಾಕಾರದ ಫ್ಯಾನು ಅಳವಡಿಸುವ ಕಾರ್ಸಿ-ರೋಸೆಂಥಾಲ್ ಪೆಟ್ಟಿಗೆಯನ್ನು 2020ರಿಂದೀಚೆಗೆ ಅಮೆರಿಕದ ಸಾವಿರಾರು ಮನೆಗಳಲ್ಲಿ, ಶಾಲೆಗಳಲ್ಲಿ ತಾವೇ ಕಟ್ಟಿಕೊಂಡಿದ್ದಾರೆ. ಒಳಗೆ ಹೊಸ ಹೊಗೆ ಎಬ್ಬಿಸದಿರುವುದೂ ಅಷ್ಟೇ ಮುಖ್ಯ. ಕರಿಯುವುದು, ಅಗರಬತ್ತಿ, ಸೊಳ್ಳೆಬತ್ತಿ ಆ ದಿನಗಳಲ್ಲಿ ಬೇಡ. ಸಂಜೆಯ ಜಪಸರ ಪ್ರಾರ್ಥನೆಯನ್ನೂ ಮೇಣದಬತ್ತಿಯಿಲ್ಲದೆ ಸಲ್ಲಿಸಬಹುದು, ದೇವಮಾತೆ ಮುನಿಯಲಾರಳು.

ಇದೆಲ್ಲವನ್ನೂ ತಾಯಂದಿರ ತಲೆಗೆ ಕಟ್ಟಿ ಉಳಿದವರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಹೊಗೆಯ ದಿನ ಆಟೋಟಗಳನ್ನು ನಿಲ್ಲಿಸಬೇಕಾದವರು ಶಾಲೆಯವರು. ಓಡುವ ಮಗು ಕುಳಿತ ಮಗುವಿಗಿಂತ ಹಲವು ಪಟ್ಟು ಗಾಳಿ ಸೇವಿಸುತ್ತದೆ. ಪದಕ ಮುಂದಿನ ವಾರವೂ ಸಿಕ್ಕೀತು. ಯಾವ ಮಗುವಿಗೆ ಆಸ್ತಮಾವಿದೆ, ಅದರ ಇನ್‌ಹೇಲರ್ ಎಲ್ಲಿದೆ ಎಂಬುದು ತರಗತಿಯ ಶಿಕ್ಷಕರಿಗೂ ಧರ್ಮೋಪದೇಶ ತರಗತಿಯವರಿಗೂ ತಿಳಿದಿರಬೇಕು. ಉತ್ತರ ಅಮೆರಿಕದಲ್ಲಿ ಗ್ರಂಥಾಲಯಗಳನ್ನೂ ಸಮುದಾಯ ಭವನಗಳನ್ನೂ ಶುದ್ಧ ಗಾಳಿಯ ಆಶ್ರಯಗಳಾಗಿ ತೆರೆದಿಡುವ ಪದ್ಧತಿಯಿದೆ. ಅಲ್ಲಿರುವ ನಮ್ಮವರು ತಮ್ಮ ಧರ್ಮಕೇಂದ್ರದ ಸಭಾಂಗಣದ ಬಗೆಗೂ ಈ ಪ್ರಶ್ನೆಯನ್ನು ಎತ್ತಬಹುದು.

ನಮ್ಮ ನಾಡೂ ಇದರಿಂದ ಹೊರತಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 10,000 ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಬೆಂಕಿಯ ಕಾಲವೇ ನಮ್ಮ ಮಕ್ಕಳಿಗೆ ಪರೀಕ್ಷೆಯ ಕಾಲ. ವಾಯುಮಾಪಕಗಳಿರುವುದು ಬಹುಮಟ್ಟಿಗೆ ನಗರಗಳಲ್ಲಿ. ಕಾಡಂಚಿನ ಹಾಡಿ, ಹಳ್ಳಿಗಳಲ್ಲಿ ಕಣ್ಣು ಮೂಗುಗಳೇ ಮಾಪಕ. ಹೆಂಚಿನ ಮನೆಯ ಸಂದುಗಳನ್ನು ಮುಚ್ಚಿ ಮುಗಿಸಲಾಗದು. ಅಂಥಲ್ಲಿ ತಾರಸಿಯಿರುವ ಶಾಲಾ ಕೊಠಡಿಯನ್ನೋ ಚರ್ಚಿನ ಕೋಣೆಯನ್ನೋ ಶಿಶುಗಳಿಗೂ ಗರ್ಭಿಣಿಯರಿಗೂ ಬಿಟ್ಟುಕೊಡುವ ಏರ್ಪಾಡು ಬೆಂಕಿ ಬೀಳುವ ಮೊದಲೇ, ಜನವರಿಯಲ್ಲಿಯೇ ಆಗಬೇಕು. ಎದೆ ಗುಳಿಬೀಳುವಂತೆ ಉಸಿರೆಳೆಯುವ, ತುಟಿ ನೀಲಿಗಟ್ಟಿದ, ಹಾಲು ಕುಡಿಯಲಾಗದ ಕೂಸನ್ನು ಮಾತ್ರ ಕಷಾಯದಲ್ಲಿ ಕಾಲ ಕಳೆಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು.