ಕೈ ಎತ್ತಿದವರೆಲ್ಲ ಹೊಸದಾಗಿ ಹುಟ್ಟಿದವರೇ?

2012ರ ಜೂನ್ ತಿಂಗಳಲ್ಲಿ ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ವಾರ್ಷಿಕ ಸಭೆ ನ್ಯೂ ಆರ್ಲಿಯನ್ಸ್‌ನಲ್ಲಿ ಸೇರಿತ್ತು. ಫ್ರೆಡ್ ಲೂಟರ್ ಆ ಪಂಗಡದ ಮೊದಲ ಕಪ್ಪುವರ್ಣೀಯ ಅಧ್ಯಕ್ಷರಾಗಿ ಆಯ್ಕೆಯಾದರು. ಪತ್ರಿಕೆಗಳು ಹಿಡಿದದ್ದು ಅದೇ ಸುದ್ದಿಯನ್ನು. ಒಳಗೆ ಮಾತ್ರ ಬೇರೊಂದು ಜಗಳ ಕಾವೇರಿತ್ತು. ಅದು ನಾಲ್ಕೈದು ವಾಕ್ಯಗಳ ಒಂದು ಪುಟ್ಟ ಪ್ರಾರ್ಥನೆಯ ಕುರಿತಾದದ್ದು.

‘ಪಾಪಿಯ ಪ್ರಾರ್ಥನೆ’ ಎಂದು ಅದಕ್ಕೆ ಹೆಸರು. ಪ್ರಸಂಗ ಮುಗಿದ ಮೇಲೆ ಬೋಧಕರು ಎಲ್ಲರಿಗೂ ಕಣ್ಣು ಮುಚ್ಚಲು ಹೇಳುತ್ತಾರೆ. ತಾವು ಹೇಳಿಕೊಟ್ಟದ್ದನ್ನು ಹಿಂದಿನಿಂದ ಹೇಳಿಸುತ್ತಾರೆ: ತಾನು ಪಾಪಿ, ಯೇಸು ತನಗಾಗಿ ಸತ್ತ, ಅವನು ತನ್ನ ಹೃದಯಕ್ಕೆ ಬರಲಿ. ಹೇಳಿದವರು ಕೈ ಎತ್ತಬೇಕು. ಕೈ ಎತ್ತಿದವರಿಗೆ ಅಲ್ಲೇ ಅಭಯ ಸಿಗುತ್ತದೆ: ಅವರು ಹೊಸದಾಗಿ ಹುಟ್ಟಿದ್ದಾರೆ, ಇನ್ನು ಅನುಮಾನ ಬೇಡ. ಆ ವರ್ಷದ ಆರಂಭದಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಪಾಲಕ ಡೇವಿಡ್ ಪ್ಲಾಟ್ ಇದನ್ನು ಸಮ್ಮೇಳನವೊಂದರಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. ಇಂಥ ಪ್ರಾರ್ಥನೆ ಬೈಬಲಿನಲ್ಲಿ ಎಲ್ಲೂ ಇಲ್ಲ, ಇದನ್ನು ನೆಚ್ಚಿ ಕೂರುವುದು ಮೂಢನಂಬಿಕೆ ಎಂಬುದು ಅವರ ಮಾತಿನ ತಾತ್ಪರ್ಯ. ಮಿಸಿಸಿಪ್ಪಿಯ ಆಕ್ಸ್‌ಫರ್ಡ್ ಪಟ್ಟಣದ ಪಾಲಕ ಎರಿಕ್ ಹ್ಯಾಂಕಿನ್ಸ್ ಎದುರು ಪಾಳಯದಲ್ಲಿ ನಿಂತರು. ಈ ಪ್ರಾರ್ಥನೆಯನ್ನು ಸಮರ್ಥಿಸುವ ನಿರ್ಣಯವನ್ನು ಮುಂದಿಟ್ಟವರು ಅವರೇ. ಒಂದಿಷ್ಟು ತಿದ್ದುಪಡಿಯೊಂದಿಗೆ ನಿರ್ಣಯ ಅಂಗೀಕಾರವಾಯಿತು. ಪ್ರಾರ್ಥನೆ ಮಂತ್ರವಲ್ಲ, ಆದರೆ ಶಾಸ್ತ್ರಸಮ್ಮತ ಎಂದು ಎರಡೂ ಕಡೆಯವರನ್ನು ಸಮಾಧಾನಪಡಿಸುವ ಭಾಷೆ ಅದರಲ್ಲಿತ್ತು.

ಜಗಳದ ಬೇರು ಇನ್ನೂ ಆಳದಲ್ಲಿದೆ. ದೇವರು ಮೊದಲು ಮನುಷ್ಯನಿಗೆ ಹೊಸ ಜೀವ ಕೊಡುತ್ತಾನೆ, ನಂಬಿಕೆ ಅದರಿಂದ ಹುಟ್ಟುತ್ತದೆ, ನಡತೆ ಆಮೇಲಿನದು ಎಂಬುದು ಕ್ಯಾಲ್ವಿನ್ ಪಂಥದವರ ನಿಲುವು. ಮನುಷ್ಯ ಸುವಾರ್ತೆ ಕೇಳಿ ಒಪ್ಪಿದ ಮೇಲಷ್ಟೇ ಹೊಸ ಜನ್ಮ ಎಂದು ಹ್ಯಾಂಕಿನ್ಸ್ ಬಳಗ 2012ರ ಮೇ ತಿಂಗಳಲ್ಲೇ ಹೇಳಿಕೆ ಹೊರಡಿಸಿತ್ತು. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ವ್ಯಾಜ್ಯವಿದು ಎಂದು ಹೊರಗಿನವರು ನಗಬಹುದು. ಆದರೆ ಧಾರ್ಮಿಕ ನಡವಳಿಕೆಯಿಂದ ಹೊಸ ಹುಟ್ಟು ಬರುವುದಿಲ್ಲ, ಹೊಸ ಹುಟ್ಟಿನಿಂದ ನಡವಳಿಕೆ ಬರುತ್ತದೆ ಎಂಬುದರಲ್ಲಿ ಎರಡೂ ಪಾಳಯಗಳಿಗೆ ತಕರಾರಿಲ್ಲ. ಹೀಗೆ ಬಾಯಲ್ಲಿ ಒಪ್ಪುವ ಪಂಗಡವೇ ಪ್ರಾರ್ಥನೆ ಹೇಳುವುದು, ಕೈ ಎತ್ತುವುದು, ವೇದಿಕೆಯ ಬಳಿಗೆ ನಡೆದು ಬರುವುದು, ನೀರಿಗಿಳಿಯುವುದು ಎಂಬ ನಾಲ್ಕು ನಡವಳಿಕೆಗಳನ್ನೇ ಹುಟ್ಟಿನ ದಾಖಲೆ ಮಾಡಿಕೊಂಡಿದೆ. ಪ್ಲಾಟ್ ಬೆರಳಿಟ್ಟದ್ದು ನೋಯುವ ಜಾಗದ ಮೇಲೆಯೇ.

ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ರಾತ್ರಿ ಹೊತ್ತು ಯೇಸುವನ್ನು ಕಾಣಲು ಬಂದ ನಿಕೊದೇಮನಿಗೆ ನಡವಳಿಕೆಯ ಕೊರತೆ ಇರಲಿಲ್ಲ. ಅವನು ಫರಿಸಾಯ, ಯೆಹೂದ್ಯರ ಹಿರಿಯ, ಜನರಿಗೆ ಧರ್ಮ ಬೋಧಿಸುವವನು. ಉಪವಾಸ, ದಶಾಂಶ, ಸಬ್ಬತ್ತು ಯಾವುದರಲ್ಲೂ ಊನವಿಲ್ಲದ ಪಂಥದವನು. ಹೊಸದಾಗಿ ಹುಟ್ಟಬೇಕು ಎಂಬ ಮಾತು ಬಂದದ್ದು ಕುಡುಕನಿಗೋ ಕಳ್ಳನಿಗೋ ಅಲ್ಲ, ಇಂಥವನಿಗೆ. ಆ ಸಂಭಾಷಣೆಯಲ್ಲಿ ಯೇಸು ಅವನಿಂದ ಯಾವ ಪ್ರಾರ್ಥನೆಯನ್ನೂ ಹೇಳಿಸುವುದಿಲ್ಲ. ಗಾಳಿ ತನಗೆ ಬೇಕಾದತ್ತ ಬೀಸುವ ಹಾಗೆ ಆತ್ಮನ ಕೆಲಸ ಎಂದು ಹೇಳಿ, ಅದನ್ನು ಮನುಷ್ಯರ ಲೆಕ್ಕದ ಆಚೆಗೆ ಇಡುತ್ತಾನೆ.

ಅದನ್ನು ಲೆಕ್ಕದೊಳಗೆ ತರುವ ಹಟ ಹಳೆಯದು. ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಎಂಬ ಊರಿನಲ್ಲಿ ಅದು ಹೇಗೆ ಸಿಡಿಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಲಿನ ಪಾಲಕ ಸಾಲೊಮನ್ ಸ್ಟಾಡರ್ಡ್ ದಶಕಗಳ ಕಾಲ ಪ್ರಭುಭೋಜನದ ಬಾಗಿಲನ್ನು ತೆರೆದಿಟ್ಟಿದ್ದರು. ಯಾರ ಹೃದಯದಲ್ಲಿ ಏನಿದೆಯೋ ಮನುಷ್ಯನಿಗೆ ಕಾಣದು. ನಡತೆ ನೆಟ್ಟಗಿದ್ದು ವಿಶ್ವಾಸ ಒಪ್ಪಿಕೊಂಡವರೆಲ್ಲ ಬರಲಿ, ಬಂದಲ್ಲೇ ಹೃದಯವೂ ತಿರುಗಬಹುದು ಎಂಬುದು ಅವರ ಲೆಕ್ಕಾಚಾರ. 1729ರಲ್ಲಿ ಅವರು ತೀರಿಕೊಂಡ ಮೇಲೆ ಮೊಮ್ಮಗ ಜೊನಾಥನ್ ಎಡ್ವರ್ಡ್ಸ್ ಆ ಸಭೆಯ ಪಾಲಕರಾದರು. 1734-35ರಲ್ಲಿ ಊರಿನಲ್ಲಿ ಉಜ್ಜೀವನದ ಅಲೆ ಎದ್ದಿತು. ಆರು ತಿಂಗಳಲ್ಲಿ ಸುಮಾರು 300 ಜನ ಪರಿವರ್ತನೆ ಹೊಂದಿದರೆಂದು ಎಡ್ವರ್ಡ್ಸ್ ಬರೆದರು, ಅವರ ಹೆಸರು ಅಟ್ಲಾಂಟಿಕ್ ದಾಟಿತು.

ಅಲೆ ಇಳಿದ ಮೇಲೆ ಅದೇ ಜನ ಹಳೆಯ ಜಗಳ, ಹಳೆಯ ಹೊಟ್ಟೆಕಿಚ್ಚುಗಳಿಗೆ ಮರಳಿದ್ದನ್ನು ಅವರು ಕಣ್ಣಾರೆ ಕಂಡರು. 1746ರಲ್ಲಿ ಧಾರ್ಮಿಕ ಭಾವಾವೇಶಗಳ ಕುರಿತು ಅವರು ಪ್ರಕಟಿಸಿದ ಗ್ರಂಥ ಈ ಕಾಣ್ಕೆಯಿಂದ ಬಂದದ್ದು. ಕಣ್ಣೀರು, ನಡುಕ, ಬಾಯ್ತುಂಬ ಬರುವ ವಚನಗಳು ಇವಾವುದೂ ಹೊಸ ಹುಟ್ಟಿಗೆ ಪುರಾವೆಯಲ್ಲ ಎಂದು ಪಟ್ಟಿ ಮಾಡಿ, ನಿಜವಾದ ಹನ್ನೆರಡು ಲಕ್ಷಣಗಳನ್ನು ವಿವರಿಸಿದರು. ಕೊನೆಯದು, ಅವರು ಅತಿ ಹೆಚ್ಚು ಪುಟ ಕೊಟ್ಟದ್ದು, ಬಾಳಿನುದ್ದಕ್ಕೂ ನಿಲ್ಲುವ ಆಚರಣೆಗೆ. ಆಮೇಲೆ ಅಜ್ಜನ ಪದ್ಧತಿಯನ್ನು ಕೈಬಿಟ್ಟು, ಹೃದಯಪರಿವರ್ತನೆಯ ಸಾಕ್ಷಿ ಹೇಳದವರನ್ನು ಸಭೆಗೆ ಸೇರಿಸಿಕೊಳ್ಳೆನೆಂದರು. ಊರು ತಿರುಗಿಬಿತ್ತು. 1750ರ ಜೂನ್ 22ರಂದು ಅವರನ್ನು ವಜಾ ಮಾಡಲಾಯಿತು. ಸಭೆಯ ಗಂಡಸರ ಮತದಲ್ಲಿ ಅವರ ಪರ ಬಿದ್ದದ್ದು 23, ವಿರುದ್ಧ ಇನ್ನೂರಕ್ಕೂ ಹೆಚ್ಚು.

ಎಡ್ವರ್ಡ್ಸ್ ಅವರನ್ನು ಹುತಾತ್ಮರನ್ನಾಗಿ ಮಾಡುವ ಬರಹಗಳಿಗೆ ಲೆಕ್ಕವಿಲ್ಲ. ಅವರ ಮನೆಯೊಳಗಿನ ಒಂದು ಕಾಗದ ಆ ಚಿತ್ರಕ್ಕೆ ಮಸಿ ಬಳಿಯುತ್ತದೆ. 1731ರಲ್ಲಿ ನ್ಯೂಪೋರ್ಟ್ ಬಂದರಿನಲ್ಲಿ ಅವರು ವೀನಸ್ ಎಂಬ ಹದಿಹರೆಯದ ಆಫ್ರಿಕನ್ ಹುಡುಗಿಯನ್ನು 80 ಪೌಂಡಿಗೆ ಕೊಂಡರು. ಆ ಖರೀದಿಯ ಪತ್ರ ಇಂದಿಗೂ ಉಳಿದಿದೆ. ಹೊಸ ಹುಟ್ಟಿನ ಲಕ್ಷಣಗಳನ್ನು ಎಣಿಸಿಟ್ಟ ಪಂಡಿತನಿಗೆ ಈ ವ್ಯಾಪಾರ ತನ್ನ ಪಟ್ಟಿಗೆ ವಿರುದ್ಧ ಎಂದು ತೋರಲಿಲ್ಲ. ಅವರ ಸಭೆಯೂ ಅವರನ್ನು ಕಳಿಸಿದ್ದು ಇದಕ್ಕಾಗಿ ಅಲ್ಲ. ಗುಲಾಮಗಿರಿಯ ವಿಷಯದಲ್ಲಿ ಉತ್ತರದವರಿಂದ ಸಿಡಿದು 1845ರಲ್ಲಿ ಹುಟ್ಟಿದ ಪಂಗಡವೇ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್. ಅದಕ್ಕಾಗಿ ಅದು ಕ್ಷಮೆ ಕೇಳಿದ್ದು 1995ರಲ್ಲಿ. ಕೂಡಿ ಕಟ್ಟಿದವರೆಲ್ಲ ತಾವು ಹೊಸದಾಗಿ ಹುಟ್ಟಿದವರೆಂದು ನಂಬಿದ್ದವರೇ. ತನಗೆ ಲಾಭ ತರುವ ಪಾಪವನ್ನು ನಡತೆಯ ಪರೀಕ್ಷೆಯಿಂದ ಹೊರಗಿಟ್ಟ ಸಭೆ ಪರೀಕ್ಷೆಯನ್ನೇ ಮಾಡಿಲ್ಲ.

ಎಡ್ವರ್ಡ್ಸ್ ಆತ್ಮನ ಕೆಲಸಕ್ಕೆ ಕಾಯುವವರಾಗಿದ್ದರು. ಮುಂದಿನ ಶತಮಾನದ ಚಾರ್ಲ್ಸ್ ಫಿನ್ನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಉಜ್ಜೀವನ ಪವಾಡವೇನಲ್ಲ, ಸರಿಯಾದ ಉಪಾಯ ಬಳಸಿದರೆ ಬಂದೇ ಬರುತ್ತದೆ ಎಂದು 1835ರಲ್ಲಿ ಅಚ್ಚಾದ ಉಪನ್ಯಾಸಗಳಲ್ಲಿ ಅವರು ವಾದಿಸಿದರು. ಸಭೆಯ ಮುಂದೆ ಒಂದು ಬೆಂಚು ಹಾಕಿಸಿ, ಆತ್ಮದ ಚಿಂತೆ ಹತ್ತಿದವರು ಎದ್ದು ಬಂದು ಅಲ್ಲಿ ಕೂರಲಿ ಎಂದು ಕರೆಯುವ ಪದ್ಧತಿಗೆ ಅವರಿಂದ ಪ್ರಸಿದ್ಧಿ ಬಂತು. 1843ರಲ್ಲಿ ಪೆನ್ಸಿಲ್ವೇನಿಯಾದ ದೇವಶಾಸ್ತ್ರಜ್ಞ ಜಾನ್ ವಿಲಿಯಮ್ಸನ್ ನೆವಿನ್ ಆ ಬೆಂಚಿನ ವಿರುದ್ಧ ಒಂದು ಪುಸ್ತಕವನ್ನೇ ಬರೆದರು. ಗೆದ್ದದ್ದು ಬೆಂಚು. 1949ರಲ್ಲಿ ಲಾಸ್ ಏಂಜಲೀಸ್‌ನ ಡೇರೆಯಲ್ಲಿ ಎಂಟು ವಾರ ಬೋಧಿಸಿದ ಬಿಲ್ಲಿ ಗ್ರಹಾಂ ಕಾಲಕ್ಕೆ ಅದು ಮುಂದೆ ನಡೆದು ಬರುವ ಸಾಲಾಗಿ, ಕೈಗೆ ಕೊಡುವ ಕಾರ್ಡಾಗಿ ಬೆಳೆದಿತ್ತು. ಗ್ರಹಾಂ ಮಟ್ಟಿಗೆ ನ್ಯಾಯವಾಗಿ ಹೇಳುವುದಾದರೆ, ಮುಂದೆ ಬಂದವರನ್ನು ಅವರ ಸಂಸ್ಥೆ ‘ವಿಚಾರಿಸಲು ಬಂದವರು’ ಎಂದಷ್ಟೇ ಕರೆಯುತ್ತಿತ್ತು. ಆ ಎಚ್ಚರ ಅವರ ಅನುಕರಣೆ ಮಾಡಿದ ಸಾವಿರಾರು ಬೋಧಕರಿಗೆ ಬರಲಿಲ್ಲ.

ಫಲ ಅಂಕಿಗಳಲ್ಲೇ ಇದೆ. 2012ರ ಸುಮಾರಿಗೆ ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ಪಟ್ಟಿಯಲ್ಲಿದ್ದ ಸದಸ್ಯರು ಸುಮಾರು 1.6 ಕೋಟಿ. ಭಾನುವಾರದ ಆರಾಧನೆಗೆ ಬರುತ್ತಿದ್ದವರು 60 ಲಕ್ಷದಷ್ಟು. ಇದು ವಿರೋಧಿಗಳ ಆರೋಪವಲ್ಲ, ಪಂಗಡದ್ದೇ ವಾರ್ಷಿಕ ಲೆಕ್ಕ. 2014ರಲ್ಲಿ ದೀಕ್ಷಾಸ್ನಾನದ ಇಳಿಕೆಯನ್ನು ಅಧ್ಯಯನ ಮಾಡಿದ ಅವರದೇ ಕಾರ್ಯಪಡೆ ಇನ್ನೂ ಮುಜುಗರದ ಸಂಗತಿ ಹೊರಹಾಕಿತು: ದೀಕ್ಷಾಸ್ನಾನ ಸತತವಾಗಿ ಹೆಚ್ಚುತ್ತಿದ್ದ ವಯೋಮಾನ ಒಂದೇ, ಐದು ವರ್ಷ ಮತ್ತು ಅದಕ್ಕಿಂತ ಕೆಳಗಿನ ಮಕ್ಕಳದು. ಶಿಶು ದೀಕ್ಷಾಸ್ನಾನವನ್ನು ಧಿಕ್ಕರಿಸಿ, ತಿಳಿದು ನಂಬಿದವರಿಗೆ ಮಾತ್ರ ನೀರು ಎಂದು ಹಟ ಹಿಡಿದು, ಅದಕ್ಕಾಗಿ ಜೈಲು ಕಂಡ ಪರಂಪರೆಯ ವಾರಸುದಾರರು ಬಂದು ನಿಂತ ಜಾಗ ಇದು.

1976ರಲ್ಲಿ ಜಿಮ್ಮಿ ಕಾರ್ಟರ್ ತಾನು ಹೊಸದಾಗಿ ಹುಟ್ಟಿದ ಕ್ರೈಸ್ತ ಎಂದು ಹೇಳಿಕೊಂಡು ಚುನಾವಣೆಗೆ ನಿಂತಾಗ ಅನೇಕ ಪತ್ರಕರ್ತರಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ಅದೇ ವರ್ಷ ಗ್ಯಾಲಪ್ ಸಮೀಕ್ಷೆಯಲ್ಲಿ ಅಮೆರಿಕನ್ನರ ಮೂರನೇ ಒಂದು ಭಾಗ ತಾವೂ ಹಾಗೆ ಹುಟ್ಟಿದವರೆಂದರು. ಅಲ್ಲಿಂದೀಚೆಗೆ ಅದು ಮತದಾರರ ವರ್ಗವೊಂದರ ಹಣೆಪಟ್ಟಿಯಾಯಿತು. ಹಣೆಪಟ್ಟಿಗೆ ಬೆಲೆ ಬಂದಾಗ ಅದನ್ನು ಪರೀಕ್ಷಿಸುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ. 2019ರಲ್ಲಿ ಟೆಕ್ಸಾಸ್‌ನ ಎರಡು ಪತ್ರಿಕೆಗಳು ಇಪ್ಪತ್ತು ವರ್ಷಗಳ ಲೈಂಗಿಕ ದೌರ್ಜನ್ಯ ಪ್ರಕರಣಗಳನ್ನು ಕೆದಕಿ, ಸದರ್ನ್ ಬ್ಯಾಪ್ಟಿಸ್ಟ್ ಸಭೆಗಳ ಸುಮಾರು 380 ನಾಯಕರು ಮತ್ತು ಸ್ವಯಂಸೇವಕರ ಮೇಲಿನ ಆರೋಪಗಳನ್ನೂ 700ಕ್ಕೂ ಹೆಚ್ಚು ಸಂತ್ರಸ್ತರ ಲೆಕ್ಕವನ್ನೂ ಮುಂದಿಟ್ಟವು. 2022ರ ಮೇ ತಿಂಗಳಲ್ಲಿ ಬಂದ ಸ್ವತಂತ್ರ ತನಿಖಾ ವರದಿಯ ಪ್ರಕಾರ, ಆರೋಪಿ ಬೋಧಕರ ಪಟ್ಟಿಯೊಂದನ್ನು ಪಂಗಡದ ಕಾರ್ಯಕಾರಿ ಸಮಿತಿಯ ಸಿಬ್ಬಂದಿ ವರ್ಷಗಟ್ಟಲೆ ಗುಟ್ಟಾಗಿ ಇಟ್ಟುಕೊಂಡಿದ್ದರು. ದೂರು ಕೊಟ್ಟ ಹೆಂಗಸರ ಮಾತಿಗಿಂತ ಬೋಧಕನ ಸಾಕ್ಷ್ಯ ಹೇಳಿಕೆಗೆ ತೂಕ ಹೆಚ್ಚಿತ್ತು.

ಎದುರು ಪಾಳಯದ ಒಂದು ವಾದವನ್ನು ಮಾತ್ರ ಹಗುರಾಗಿ ತಳ್ಳಿಹಾಕುವಂತಿಲ್ಲ. ಭರವಸೆ ಕೊಡದೆ ಜನರನ್ನು ತೂಗುಗತ್ತಿಯ ಕೆಳಗೆ ಕೂರಿಸಿದರೆ ಅವರು ಒಡೆದುಹೋಗುತ್ತಾರೆ ಎಂಬುದು ಆ ವಾದ. ನಾರ್ಥಾಂಪ್ಟನ್ನಿನಲ್ಲೇ ಅದಕ್ಕೆ ಉದಾಹರಣೆ ಇದೆ. ಉಜ್ಜೀವನದ ಕಾವಿನಲ್ಲಿ, 1735ರ ಜೂನ್‌ನಲ್ಲಿ, ತನ್ನ ಆತ್ಮದ ಗತಿಯ ಚಿಂತೆಯಲ್ಲಿ ಮುಳುಗಿದ್ದ ಜೋಸೆಫ್ ಹಾಲಿ ಎಂಬ ವರ್ತಕ ಪ್ರಾಣ ಕಳೆದುಕೊಂಡರು. ಅವರು ಎಡ್ವರ್ಡ್ಸ್‌ಗೆ ಹತ್ತಿರದ ಬಂಧು. ಹದಿನೈದು ವರ್ಷಗಳ ನಂತರ ವಜಾ ಚಳವಳಿಯ ಮುಂಚೂಣಿಯಲ್ಲಿದ್ದವರು ಅವರ ಮಗ. ಇಷ್ಟನ್ನು ಒಪ್ಪಿದರೂ ನಾಲ್ಕು ವಾಕ್ಯ ಹೇಳಿಸಿ ಪ್ರಮಾಣಪತ್ರ ಕೊಡುವುದು ಆ ರೋಗಕ್ಕೆ ಮದ್ದಲ್ಲ. ತಳಮಳಿಸುವವನಿಗೆ ಬೇಕಾದದ್ದು ಜೊತೆಗಿರುವ ಮನುಷ್ಯರು ಮತ್ತು ಸಮಯ. ಅವಸರದ ಅಭಯ ಕೊಟ್ಟು ಅವನನ್ನು ಮನೆಗೆ ಕಳಿಸಿದ ಬೋಧಕ ಕಡಿಮೆ ಮಾಡಿಕೊಂಡದ್ದು ತನ್ನ ಕೆಲಸವನ್ನು.

ಈ ಮಾತು ಕನ್ನಡ ನಾಡಿಗೆ ಹೊರಗಿನದೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಪಯಟಿಸ್ಟ್ ಪರಂಪರೆಯವರು. ಹೃದಯ ತಿರುಗದೆ ನೀರು ಹಾಕಬಾರದೆಂಬ ಹಟ ಅವರಿಗೆ ಬಂದದ್ದು ಆ ಮನೆತನದಿಂದ. 1844ರಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಜಾತಿಯಿಂದ ಹೊರಬಿದ್ದವರಿಗೆ ಕಸುಬೂ ಹೋಗುತ್ತಿತ್ತು. ಹಾಗಾಗಿ ಮಿಷನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕೆಲಸ ಸಿಗುತ್ತದೆಂದಾದ ಕೂಡಲೇ ಬರುವವನು ನಂಬಿಕೆಗೆ ಬಂದನೋ ಕೂಲಿಗೆ ಬಂದನೋ ಎಂಬ ಪ್ರಶ್ನೆ ಎದ್ದಿತು. ಮಿಷನರಿಗಳು ಅದಕ್ಕೆ ಕಂಡುಕೊಂಡ ದಾರಿ ಕಟ್ಟುಪಾಡುಗಳದ್ದು: ಕುಡಿತ, ಜಾತಿಯ ಆಚರಣೆ, ಸಾಲಸೋಲ ಎಲ್ಲದರ ಮೇಲೂ ಸಭೆಯ ಕಣ್ಣು. ಹೃದಯವನ್ನು ಅಳೆಯಲು ಹೊರಟವರು ಕೊನೆಗೆ ನಡವಳಿಕೆಯ ಕಾವಲಿಗೆ ಬಂದು ನಿಂತರು. ಆದರೂ ಹೊಸಬನಿಗೆ ಕಲಿಸಿ, ಪರೀಕ್ಷಿಸಿ, ಕಾಯುವ ತಾಳ್ಮೆ ಅವರಿಗಿತ್ತು. ಇಂದಿನ ಮೈದಾನದ ಕೂಟಗಳಲ್ಲಿ ಒಂದು ಸಂಜೆಗೆ ಎಷ್ಟು ಕೈ ಎದ್ದವು ಎಂದು ಲೆಕ್ಕ ಹಾಕುವವರಿಗೆ ಅದೂ ಇಲ್ಲ.

ಸರ್ಕಾರವೂ ಇದೇ ಲೆಕ್ಕಕ್ಕೆ ಬಿದ್ದಿದೆ. ಕರ್ನಾಟಕದ 2022ರ ಮತಾಂತರ ಕಾಯ್ದೆ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಮೂನೆ ತುಂಬಿ ಕೊಡಬೇಕೆಂದಿತು, ಬದಲಾದ ಮೇಲೆ ಮತ್ತೊಂದು. ಅದನ್ನು ರದ್ದುಪಡಿಸಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಒಳಗಿನ ತಿರುವಿಗೆ ದಿನಾಂಕ ಗೊತ್ತುಮಾಡುವ ಅಧಿಕಾರ ಯಾವ ಕಚೇರಿಗೂ ಇಲ್ಲ. ಆದರೆ ಕೈ ಎತ್ತಿದವರ ಸಂಖ್ಯೆಯನ್ನು ವರದಿಗಳಲ್ಲಿ ಮೆರೆಸುವ ಸಂಸ್ಥೆಗಳು ಆ ಕಾನೂನಿನ ಅನುಮಾನಕ್ಕೆ ತಾವೇ ಮೇವು ಹಾಕಿವೆ.

2008ರಲ್ಲೇ ಸದರ್ನ್ ಬ್ಯಾಪ್ಟಿಸ್ಟರು ಇಂಡಿಯಾನಾಪೊಲಿಸ್‌ನಲ್ಲಿ ಒಂದು ನಿರ್ಣಯ ಮಾಡಿದ್ದರು: ಹೊಸ ಹುಟ್ಟು ಪಡೆದವರೇ ಸಭೆಯ ಸದಸ್ಯರಾಗಿರಬೇಕು, ಕಾಣೆಯಾದವರನ್ನು ಹುಡುಕಿ ಮರಳಿ ಕರೆತರಬೇಕು, ಇಷ್ಟು ದಿನದ ಉದಾಸೀನಕ್ಕೆ ಪಶ್ಚಾತ್ತಾಪ ಪಡಬೇಕು. ನಾಲ್ಕು ವರ್ಷದ ನಂತರ ಪಾಪಿಯ ಪ್ರಾರ್ಥನೆಯ ಪರ ಕೈ ಎತ್ತುವಾಗ ಆ ನಿರ್ಣಯ ಕಡತದಲ್ಲಿ ಕೂತಿತ್ತು. ಅಮೆರಿಕದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಹೊಸ ಹುಟ್ಟನ್ನು ಬೋಧಿಸುವ ಸಭೆಗಳು ಅದನ್ನು ಹೊರತೆಗೆದು ಓದಲಿ. ಕೂಟದ ಮರುದಿನ ಸಂಖ್ಯೆ ಪ್ರಕಟಿಸುವುದನ್ನು ನಿಲ್ಲಿಸಲಿ. ಐದು ವರ್ಷದ ಮಗುವನ್ನು ನೀರಿಗಿಳಿಸದೆ ಬೆಳೆಯಲು ಬಿಡಲಿ. ಸಾಕ್ಷಿ ಹೇಳಿದವನ ಹೆಸರು ಪಟ್ಟಿಗೆ ಸೇರುವ ಮೊದಲು ಅವನ ಮನೆಯವರನ್ನು, ಅವನ ಕೈಕೆಳಗೆ ಕೂಲಿ ಮಾಡುವವರನ್ನು ಒಮ್ಮೆ ವಿಚಾರಿಸಲಿ. ವೇದಿಕೆಯ ಮೇಲಿರುವವನ ಬಗ್ಗೆ ದೂರು ಬಂದರೆ, ಆ ವಿಚಾರಣೆ ಅವನಿಂದಲೇ ಶುರುವಾಗಲಿ.